ಎರಡು ಹಾವಿನ ಕೋಲು ಯಾರದು? ಕಳ್ಳದೇವರದೋ, ವೈದ್ಯದೇವರದೋ?

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಆರು ವರ್ಷದಿಂದ ನರ್ಸಿಂಗ್ ಆಫೀಸರ್. ಮುಂಗೈ ಮೇಲೆ ಒಂದು ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತ ತುಂಬಾ ದಿನದ ಆಸೆ. ನಡುವೆ ಕೋಲು, ಅದಕ್ಕೆ ಸುತ್ತಿಕೊಂಡ ಎರಡು ಹಾವು, ಮೇಲೆ ರೆಕ್ಕೆ. ಕ್ಲಿನಿಕ್ ಬೋರ್ಡಿನಲ್ಲಿ, ಡಾಕ್ಟರ ಕಾರಿನ ಮೇಲೆ ಇರುತ್ತಲ್ಲ, ಅದೇ. ಡಿಸೈನ್ ತೋರಿಸಿದ್ದೇ ತಡ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಮ್ಮ ಡಾಕ್ಟರ್ ಒಬ್ಬರು ನಕ್ಕು, 'ಇದು ವೈದ್ಯರದಲ್ಲಮ್ಮ, ಹರ್ಮೀಸ್ ಅನ್ನೋ ಕಳ್ಳರ ದೇವರ ಕೋಲು. ಸತ್ತವರನ್ನ ಕರ್ಕೊಂಡು ಹೋಗೋನು ಅವನು' ಅಂದರು. ಐಸಿಯುನಲ್ಲಿ ಇರೋಳಿಗೆ ಇದು ಚುಚ್ಚಿತು. ನಾನು ಸೇರಿರುವ ಆನ್‌ಲೈನ್ ಧ್ಯಾನದ ಕೋರ್ಸಿನವರು ಇದು ಕುಂಡಲಿನಿಯ ಚಿತ್ರ, ಗ್ರೀಕರು ನಮ್ಮಿಂದ ತಗೊಂಡದ್ದು ಅನ್ನುತ್ತಾರೆ. 'ಹರ್ಮೀಸ್ ಆ್ಯಕ್ಟಿವೇಶನ್' ಅಂತ ಮುಂದಿನ ಹಂತ ಇದೆಯಂತೆ, ಅದಕ್ಕೆ ಬೇರೆ ಫೀಸು. ಅಮ್ಮನಿಗೆ ಇದ್ಯಾವುದೂ ಬೇಡ. ಹೆಣೆದುಕೊಂಡ ಹಾವನ್ನು ಮೈಮೇಲೆ ಹಾಕಿಸಿಕೊಂಡರೆ ನಾಗದೋಷ, ಮದುವೆ ತಡವಾಗುತ್ತೆ ಅಂತ ಒಂದೇ ಹಟ. ಯಾರ ಮಾತು ನಿಜ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ನನ್ನದೇ ಒಂದು ಎಡವಟ್ಟು ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಒಂದು ಆರೋಗ್ಯ ಶಿಬಿರದ ಸ್ಮರಣ ಸಂಚಿಕೆಗೆ ಮುಖಪುಟ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗಲೇ ನಾನು ಗ್ರೀಕ್ ಪುರಾಣ ಪಾಠ ಮಾಡುತ್ತಿದ್ದೆ. ಆದರೂ ಕಣ್ಣು ಮುಚ್ಚಿಕೊಂಡು ಇದೇ ಎರಡು ಹಾವಿನ ಕೋಲಿಗೆ ಒಪ್ಪಿಗೆ ಕೊಟ್ಟೆ. ಅಚ್ಚಾಗಿ ಬಂದ ಮೇಲೆ ವಿದ್ಯಾರ್ಥಿಯೊಬ್ಬ ಬಂದು, 'ಮೇಡಂ, ಇದು ಮರ್ಕ್ಯುರಿದಲ್ವಾ?' ಅಂದ. ಮರ್ಕ್ಯುರಿ ಅಂದರೆ ರೋಮನ್ನರ ಹರ್ಮೀಸ್. ಕಣ್ಣಿಗೆ ಅಷ್ಟು ರೂಢಿಯಾಗಿಬಿಟ್ಟಿದೆ ಈ ಚಿತ್ರ. ಹಾಗಾಗಿ ನಿಮ್ಮ ಡಾಕ್ಟರ್ ನಕ್ಕಿದ್ದಕ್ಕೆ ನೀವು ಕುಗ್ಗಬೇಕಾಗಿಲ್ಲ.

ನೀವು ಕೇಳಿರುವುದು ಒಂದೇ ಪ್ರಶ್ನೆಯಲ್ಲ. ಕೋಲು ಯಾರದು ಅನ್ನುವುದು ಒಂದು. ಆ ದೇವರು ನನ್ನಂಥವಳಿಗೆ ಆಗಿಬರುತ್ತಾನೋ ಇಲ್ಲವೋ ಅನ್ನುವುದು ಇನ್ನೊಂದು. ನಿಮ್ಮ ನಿದ್ದೆ ಕೆಡಿಸಿರುವುದು ಎರಡನೆಯದೇ ಅನ್ನಿಸುತ್ತದೆ.

ಮೊದಲನೆಯದರಲ್ಲಿ ಡಾಕ್ಟರ ಮಾತು ಸರಿ. ಗ್ರೀಕರಲ್ಲಿ ವೈದ್ಯದೇವರು ಅಸ್ಕ್ಲೀಪಿಯಸ್. ಅಪೋಲೊನ ಮಗ. ಅವನ ಕೈಯಲ್ಲಿರುವುದು ಒರಟು ಮರದ ಊರುಗೋಲು. ಅದಕ್ಕೆ ಸುತ್ತಿರುವ ಹಾವು ಒಂದೇ. ರೆಕ್ಕೆ ಇಲ್ಲ. ಅವನ ದೊಡ್ಡ ಕ್ಷೇತ್ರ ಎಪಿಡಾರಸ್. ಕಾಯಿಲೆಯವರು ಅಲ್ಲಿಗೆ ಹೋಗಿ, ಸ್ನಾನ ಮಾಡಿ, ಬಲಿ ಕೊಟ್ಟು, ರಾತ್ರಿ ಒಂದು ಉದ್ದನೆಯ ಕಟ್ಟಡದಲ್ಲಿ ಮಲಗುತ್ತಿದ್ದರು. ಕನಸಿನಲ್ಲಿ ದೇವರು ಬಂದು ಚಿಕಿತ್ಸೆ ಮಾಡುತ್ತಾನೆ ಅನ್ನುವ ನಂಬಿಕೆ. ವಾಸಿಯಾದವರ ಕಥೆಗಳನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ, ಈಗಲೂ ಇವೆ. ಅದರಲ್ಲೊಬ್ಬನಿಗೆ ಕಾಲ್ಬೆರಳಲ್ಲಿ ಹುಣ್ಣು. ಅವನು ಮಲಗಿದ್ದಾಗ ಹಾವೊಂದು ಬಂದು ನಾಲಿಗೆಯಿಂದ ಆ ಹುಣ್ಣನ್ನು ಸವರಿ ಹೋಯಿತಂತೆ. ಎದ್ದಾಗ ವಾಸಿ. ಅಲ್ಲಿನ ಹಾವುಗಳು ವಿಷವಿಲ್ಲದವು. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದು ಈ ಒಂದು ಹಾವಿನ ಕೋಲು. ನಮ್ಮ ಸೇನೆಯ ವೈದ್ಯಕೀಯ ದಳದ ಲಾಂಛನದಲ್ಲೂ ಇದೇ.

ಎರಡು ಹಾವು, ಎರಡು ರೆಕ್ಕೆಯ ಕೋಲು ಹರ್ಮೀಸನದು. ಗ್ರೀಕರು ಅದನ್ನು ಕೆರಿಕಿಯಾನ್ ಅನ್ನುತ್ತಿದ್ದರು, ಅಂದರೆ ದೂತನ ಕೋಲು. ಲ್ಯಾಟಿನ್ನಿನಲ್ಲಿ ಅದು ಕ್ಯಾಡ್ಯೂಸಿಯಸ್ ಆಯಿತು. ಶತ್ರುಗಳ ನಡುವೆ ಸಂದೇಶ ಒಯ್ಯುವವನ ಕೈಯಲ್ಲಿ ಇದಿದ್ದರೆ ಅವನನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಯುದ್ಧ ನಡೆಯುತ್ತಿದ್ದರೂ ಅವನು ಗಡಿ ದಾಟಬಹುದು.

ಮತ್ತೆ ಆಸ್ಪತ್ರೆಗೆ ಇದು ಹೇಗೆ ಬಂತು? ಸುತ್ತು ದಾರಿಯಲ್ಲಿ. ರೋಮನ್ನರು ಹರ್ಮೀಸನನ್ನು ಮರ್ಕ್ಯುರಿ ಅಂದರು. ಪಾದರಸಕ್ಕೂ ಅದೇ ಹೆಸರಾಯಿತು. ಪಾದರಸದ ಜೊತೆ ರಸವಿದ್ಯೆಯವರೂ ಔಷಧಿ ಮಾಡುವವರೂ ಸೇರಿಕೊಂಡರು. ಇತ್ತ ಮುದ್ರಕರು ಇದನ್ನು ತಮ್ಮ ಗುರುತು ಮಾಡಿಕೊಂಡರು. ಸುದ್ದಿ ಒಯ್ಯುವ ದೇವರ ಕೋಲು ಪುಸ್ತಕಕ್ಕೆ ಸರಿಹೊಂದಿತು, ಅಷ್ಟೇ. 19ನೇ ಶತಮಾನದಲ್ಲಿ ಲಂಡನ್ನಿನ ಜಾನ್ ಚರ್ಚಿಲ್ ಎಂಬ ಪ್ರಕಾಶಕ ವೈದ್ಯಕೀಯ ಪುಸ್ತಕಗಳ ಮೇಲೆ ಇದನ್ನು ಅಚ್ಚು ಹಾಕುತ್ತಿದ್ದ. ಆ ಪುಸ್ತಕಗಳು ಅಮೆರಿಕಕ್ಕೂ ಹೋದವು. ಕೊನೆಗೆ 1902ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗ ಇದನ್ನೇ ಅಧಿಕೃತ ಬ್ಯಾಡ್ಜ್ ಮಾಡಿಕೊಂಡಿತು. ಅಲ್ಲಿಂದ ಊರೆಲ್ಲ ಹರಡಿತು. ನೋಡಲು ಚಂದ, ಎರಡೂ ಕಡೆ ಸಮ, ಬೋರ್ಡಿಗೆ ಒಪ್ಪುತ್ತದೆ. ವ್ಯಾಪಾರದ ದೇವರ ಕೋಲು ಖಾಸಗಿ ಆಸ್ಪತ್ರೆಗೆ ಸರಿಯಾಗೇ ಇದೆ ಅಂತ ತಮಾಷೆ ಮಾಡುವವರೂ ಉಂಟು. ನಾನು ಆ ತಮಾಷೆಗೆ ಕೈ ಹಾಕುವುದಿಲ್ಲ.

ಈಗ ಎರಡನೆಯದು. ಹರ್ಮೀಸ್ ಅಂದರೆ ಯಾರು?

ಅವನ ಹುಟ್ಟಿನ ಕಥೆ ಹೋಮರನ ಹೆಸರಿನಲ್ಲಿ ಬಂದಿರುವ ಒಂದು ಹಳೇ ಸ್ತೋತ್ರದಲ್ಲಿದೆ. ಸ್ತೋತ್ರ ಅಂದರೆ ಭಯ ಭಕ್ತಿ ಅಂದುಕೊಳ್ಳಬೇಡಿ. ಓದಿದರೆ ಕೃಷ್ಣನ ಬಾಲಲೀಲೆ ಕೇಳಿದ ಹಾಗೆ ನಗು ಬರುತ್ತದೆ. ಅರ್ಕೇಡಿಯಾದ ಕಿಲೀನಿ ಬೆಟ್ಟದ ಗುಹೆಯೊಂದರಲ್ಲಿ ಮಾಯಾ ಎಂಬ ದೇವತೆಗೆ ದೇವರುಗಳ ರಾಜ ಜ್ಯೂಸ್‌ನಿಂದ ಹುಟ್ಟಿದ ಕೂಸು. ಬೆಳಿಗ್ಗೆ ಹುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲಲ್ಲಿ ಸಿಕ್ಕ ಆಮೆಯ ಚಿಪ್ಪಿಗೆ ಕುರಿ ಕರುಳಿನ ಏಳು ತಂತಿ ಬಿಗಿದು ವೀಣೆಯಂಥದ್ದೊಂದು ಮಾಡಿ ನುಡಿಸಿತು. ಸಂಜೆಗೆ ಅಣ್ಣ ಅಪೋಲೊನ 50 ಹಸು ಕದ್ದಿತು. ಹೆಜ್ಜೆ ಗುರುತು ತಿಳಿಯಬಾರದು ಅಂತ ಹಸುಗಳನ್ನು ಹಿಂದು ಮುಂದಾಗಿ ನಡೆಸಿತು, ತನ್ನ ಕಾಲಿಗೆ ಗಿಡದ ರೆಂಬೆ ಹೆಣೆದು ಚಪ್ಪಲಿ ಮಾಡಿಕೊಂಡಿತು. ರಾತ್ರಿ ಬಾಗಿಲ ತೂತಿನಿಂದ ಮಂಜಿನ ಹಾಗೆ ಒಳಗೆ ನುಸುಳಿ ತೊಟ್ಟಿಲು ಸೇರಿ ಬಟ್ಟೆ ಸುತ್ತಿಕೊಂಡು ಮಲಗಿತು. ಅಪೋಲೊ ಬಂದು ಕೇಳಿದರೆ, 'ನಾನು ನಿನ್ನೆ ಹುಟ್ಟಿದವನು, ಹಸು ಅಂದರೆ ಏನು ಅಂತ ಹೆಸರು ಮಾತ್ರ ಕೇಳಿದ್ದೇನೆ' ಅನ್ನುತ್ತದೆ. ಅಪೋಲೊ ಎತ್ತಿಕೊಂಡರೆ ಹೂಸು ಬಿಡುತ್ತದೆ. ನಾನು ಸೇರಿಸಿದ್ದಲ್ಲ, ಸ್ತೋತ್ರದಲ್ಲೇ ಇದೆ. ತಂದೆ ಜ್ಯೂಸ್ ಎದುರು ಪಂಚಾಯಿತಿ ನಡೆದಾಗ ಅವನು ಬಿದ್ದು ಬಿದ್ದು ನಗುತ್ತಾನೆ. ಕೊನೆಗೆ ಆಮೆಚಿಪ್ಪಿನ ವಾದ್ಯ ಅಣ್ಣನಿಗೆ, ದನ ಕಾಯುವ ಕೆಲಸ ಮತ್ತು ಚಿನ್ನದ ಕೋಲು ತಮ್ಮನಿಗೆ. ಆ ಕೋಲಿನ ವರ್ಣನೆಯಲ್ಲಿ ಹಾವಿನ ಸುದ್ದಿಯೇ ಇಲ್ಲ. ಹಾಗೇ ಹಳೆಯ ಗ್ರೀಕ್ ಹೂಜಿಗಳ ಮೇಲೆ ಬಿಡಿಸಿದ ಕೋಲುಗಳಲ್ಲೂ ಎಷ್ಟೋ ಕಡೆ ಹಾವಿಲ್ಲ. ತುದಿಯಲ್ಲಿ 8ರ ಆಕಾರ, ಮೇಲೆ ಬಾಯಿ ತೆರೆದುಕೊಂಡಂತೆ, ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳ್ಳರ ದೇವರು ಅನ್ನುವುದು ಹೀಗೆ ಬಂತು. ಸುಳ್ಳಲ್ಲ. ಸೇಮೋಸ್ ದ್ವೀಪದಲ್ಲಿ ಅವನ ಹಬ್ಬದ ದಿನ ಕದಿಯುವುದಕ್ಕೆ ಅಡ್ಡಿ ಇರಲಿಲ್ಲ ಅಂತ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಆದರೆ ಕಳ್ಳನ ಜೊತೆ ಅವನ ಪಟ್ಟಿಯಲ್ಲಿ ಬೇರೆ ಯಾರಿದ್ದಾರೆ ನೋಡಿ. ದಾರಿಹೋಕ, ವ್ಯಾಪಾರಿ, ದೂತ, ದುಭಾಷಿ, ದನಗಾಹಿ, ಕನಸು, ಸತ್ತವರು. ಇವರೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವವರು. ಬೇಲಿ ದಾಟುವವನು ಕಳ್ಳ. ಭಾಷೆ ದಾಟಿಸುವವನು ದುಭಾಷಿ. ಹರ್ಮೀಸ್ ಹೊಸ್ತಿಲ ದೇವರು, ಗಡಿಯ ದೇವರು. ಅವನ ಹೆಸರೇ 'ಹರ್ಮಾ', ಅಂದರೆ ದಾರಿ ಬದಿಯ ಕಲ್ಲುಗುಪ್ಪೆ ಎಂಬ ಮಾತಿನಿಂದ ಬಂದಿರಬಹುದು ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಹೋಗುವವರು ಬರುವವರು ಅದರ ಮೇಲೆ ಒಂದು ಕಲ್ಲು ಹಾಕಿ ಮುಂದೆ ಸಾಗುತ್ತಿದ್ದರು. ಆಮೇಲೆ ಆ ಗುಪ್ಪೆಯ ಜಾಗಕ್ಕೆ ಚೌಕನೆಯ ಕಂಬ ಬಂತು, ಮೇಲೆ ಗಡ್ಡದ ತಲೆ. ಅಥೆನ್ಸಿನಲ್ಲಿ ಮನೆಮನೆಯ ಬಾಗಿಲಲ್ಲಿ ಇಂಥವು ಇದ್ದವು. ಕ್ರಿ.ಪೂ. 415ರಲ್ಲಿ ಸಿಸಿಲಿಗೆ ದಂಡು ಹೊರಡುವ ಮುಂಚೆ ಒಂದು ರಾತ್ರಿ ಯಾರೋ ಆ ಕಂಬಗಳ ಮುಖ ಒಡೆದು ಹಾಕಿದರು. ಇಡೀ ಊರು ಬೆಚ್ಚಿಬಿತ್ತು. ಪ್ರಯಾಣಕ್ಕೆ ಹೊರಡುವಾಗ ದಾರಿ ದೇವರನ್ನೇ ವಿರೂಪ ಮಾಡಿದರೆ ಇನ್ನೇನು ಗತಿ?

ಅದೃಷ್ಟವೂ ಅವನದೇ. ದಾರಿಯಲ್ಲಿ ಏನಾದರೂ ಸಿಕ್ಕಿದರೆ ಗ್ರೀಕರು ಅದನ್ನು ಹರ್ಮೀಸನ ಕೊಡುಗೆ ಅನ್ನುತ್ತಿದ್ದರು. ಜೊತೆಗಿದ್ದವನು ತಕ್ಷಣ 'ಹರ್ಮೀಸ್ ಇಬ್ಬರಿಗೂ' ಅಂತ ಪಾಲು ಕೇಳುತ್ತಿದ್ದ. ಹತ್ತು ಜನ ಮಾತಾಡುತ್ತಿರುವಾಗ ಎಲ್ಲರೂ ಒಟ್ಟಿಗೆ ಸುಮ್ಮನಾಗಿಬಿಟ್ಟರೆ 'ಹರ್ಮೀಸ್ ಒಳಗೆ ಬಂದ' ಅನ್ನುತ್ತಿದ್ದರು. ಐಸಿಯುನಲ್ಲಿ ನಡುರಾತ್ರಿ ಹಾಗೊಂದು ಮೌನ ಬರುತ್ತದೆ ಅಂತ ನರ್ಸ್ ಆಗಿದ್ದ ನನ್ನ ಅತ್ತಿಗೆ ಹೇಳುತ್ತಿದ್ದರು. ನಿಮಗೆ ಗೊತ್ತಿರುತ್ತದೆ.

ಹಾಗೆ ಬಂದೆವು ನಿಮಗೆ ಚುಚ್ಚಿದ ಮಾತಿಗೆ. ಸತ್ತವರನ್ನು ಕರೆದುಕೊಂಡು ಹೋಗುವವನು. ಹೌದು, ಹರ್ಮೀಸ್ ಆತ್ಮಗಳ ದಾರಿಗಾರ. ಆದರೆ ಅವನು ಯಮನಲ್ಲ. ಅವನ ಕೈಯಲ್ಲಿ ಪಾಶವಿಲ್ಲ. ಯಾರ ಪ್ರಾಣವನ್ನೂ ಅವನು ತೆಗೆಯುವುದಿಲ್ಲ, ಯಾರ ಪಾಪಪುಣ್ಯದ ಲೆಕ್ಕವನ್ನೂ ನೋಡುವುದಿಲ್ಲ. ಪಾತಾಳಕ್ಕೆ ಒಡೆಯ ಬೇರೆ, ಹೇಡಿಸ್. ಹರ್ಮೀಸನ ಕೆಲಸ ಜೊತೆಗೆ ನಡೆಯುವುದು, ಅಷ್ಟೇ. ದಾರಿ ಗೊತ್ತಿಲ್ಲದವರಿಗೆ ದಾರಿ ತೋರಿಸುವುದು.

ಇದು ಚೆನ್ನಾಗಿ ಕಾಣುವುದು ಟ್ರಾಯ್ ಯುದ್ಧದ ಮಹಾಕಾವ್ಯವಾದ ಇಲಿಯಡ್‌ನ ಕೊನೆಯ ಭಾಗದಲ್ಲಿ. ಟ್ರಾಯ್ ನಗರದ ಮುದಿ ರಾಜ ಪ್ರಯಮ್. ಅವನ ಮಗ ಹೆಕ್ಟರನನ್ನು ಶತ್ರುಪಕ್ಷದ ವೀರ ಅಕಿಲೀಸ್ ಕೊಂದಿದ್ದಾನೆ, ಹೆಣವನ್ನೂ ಕೊಟ್ಟಿಲ್ಲ. ಮುದುಕ ರಾತ್ರಿ ಹೊತ್ತು ಗಾಡಿಯಲ್ಲಿ ಒಡವೆ ವಸ್ತ್ರ ತುಂಬಿಕೊಂಡು ಶತ್ರುವಿನ ಬಿಡಾರಕ್ಕೇ ಹೊರಡುತ್ತಾನೆ. ಜೊತೆಗೆ ಅವನಷ್ಟೇ ವಯಸ್ಸಾದ ಒಬ್ಬ ಆಳು. ಹೊಳೆಯ ಹತ್ತಿರ ಹೇಸರಗತ್ತೆಗಳಿಗೂ ಕುದುರೆಗಳಿಗೂ ನೀರು ಕುಡಿಸಲು ನಿಲ್ಲುತ್ತಾರೆ. ಕತ್ತಲಲ್ಲಿ ಯಾರೋ ಬರುವುದು ಕಾಣುತ್ತದೆ. ಮುದುಕನ ಮೈಕೂದಲು ನಿಮಿರುತ್ತದೆ, ಕಾಲು ಕದಲುವುದಿಲ್ಲ. ಬಂದವನು ಚಿಗುರು ಮೀಸೆಯ ಹುಡುಗ. ಹತ್ತಿರ ಬಂದು ಮುದುಕನ ಕೈ ಹಿಡಿದು, 'ಅಪ್ಪಾ, ಇಷ್ಟು ಹೊತ್ತಿನಲ್ಲಿ ಎಲ್ಲಿಗೆ?' ಅಂತ ಕೇಳುತ್ತಾನೆ. ಅವನೇ ಹರ್ಮೀಸ್. ಗಾಡಿ ಹತ್ತಿ ಲಗಾಮು ತಾನೇ ಹಿಡಿಯುತ್ತಾನೆ. ಕಾವಲಿನವರಿಗೆ ನಿದ್ದೆ ಬರಿಸುತ್ತಾನೆ. ಮೂವರು ಸೇರಿ ಎಳೆಯಬೇಕಾದ ಅಗುಳಿಯನ್ನು ಒಬ್ಬನೇ ತೆಗೆಯುತ್ತಾನೆ. ಬಾಗಿಲ ತನಕ ಬಿಟ್ಟು, ಒಳಗೆ ಬರುವುದಿಲ್ಲ, ಹೊರಟುಹೋಗುತ್ತಾನೆ. ಮಗನ ಹೆಣ ಸಿಕ್ಕ ಮೇಲೆ ನಸುಕಿಗೆ ಮುಂಚೆ ಮತ್ತೆ ಬಂದು ಎಬ್ಬಿಸಿ ಹಿಂದಕ್ಕೆ ದಾಟಿಸುತ್ತಾನೆ. ನಾನು ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬಿಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಾರೆ.

ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿ ಒಂದು ಉಬ್ಬುಶಿಲ್ಪವಿದೆ. ಮೂಲ ಗ್ರೀಕ್ ಶಿಲ್ಪ ಕ್ರಿ.ಪೂ. 5ನೇ ಶತಮಾನದ ಕೊನೆಯದು, ಇದು ರೋಮನ್ ಕಾಲದ ನಕಲು. ಇಂಟರ್‌ನೆಟ್ಟಿನಲ್ಲಿ ಚಿತ್ರ ಸಿಗುತ್ತದೆ, ಒಮ್ಮೆ ನೋಡಿ. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ತಿರುಗಿ ನೋಡಬಾರದು ಅನ್ನುವ ಷರತ್ತು ಮುರಿದು ಗಾಯಕ ಆರ್ಫಿಯಸ್ ತಿರುಗಿ ನೋಡಿಬಿಟ್ಟಿದ್ದಾನೆ. ಹೆಂಡತಿ ಯೂರಿಡಿಸಿ ಮತ್ತೆ ಪಾತಾಳಕ್ಕೆ ಹೋಗಲೇಬೇಕು. ಅವಳ ಎಡಗೈ ಗಂಡನ ಹೆಗಲ ಮೇಲಿದೆ. ಇನ್ನೊಂದು ಕೈಯನ್ನು ಹರ್ಮೀಸ್ ಹಿಡಿದಿದ್ದಾನೆ. ಹೇಗೆ ಹಿಡಿದಿದ್ದಾನೆ ಅನ್ನುವುದನ್ನು ನೋಡಿ. ಎಳೆಯುತ್ತಿಲ್ಲ. ಮಣಿಕಟ್ಟಿನ ಹತ್ತಿರ ಬೆರಳು ಮೆಲ್ಲಗೆ ಇಟ್ಟಿದ್ದಾನೆ, ನೀವು ದಿನಾ ನಾಡಿ ನೋಡುವ ಹಾಗೆ.

ಅವನಿಗೂ ಕಾಯಿಲೆಗೂ ಸಂಬಂಧವೇ ಇಲ್ಲವೆ? ಇದೆ, ಪೌಸೇನಿಯಸ್ ಎಂಬ 2ನೇ ಶತಮಾನದ ಯಾತ್ರಿಕ ಎರಡು ಕಡೆ ಬರೆದಿದ್ದಾನೆ. ಟೆನೆಗ್ರ ಎಂಬ ಊರಿಗೆ ಸಾಂಕ್ರಾಮಿಕ ಬಂದಾಗ ಹರ್ಮೀಸ್ ಹೆಗಲ ಮೇಲೆ ಟಗರು ಹೊತ್ತು ಊರಗೋಡೆಯ ಸುತ್ತ ನಡೆದು ರೋಗ ಓಡಿಸಿದನಂತೆ. ಅದರ ನೆನಪಿಗೆ ಹಬ್ಬದ ದಿನ ಊರಿನ ಚಂದದ ಹುಡುಗನೊಬ್ಬ ಕುರಿಮರಿ ಹೊತ್ತು ಗೋಡೆ ಸುತ್ತುತ್ತಿದ್ದ. ಇನ್ನೊಂದು ಇದಕ್ಕಿಂತ ಸ್ವಾರಸ್ಯ. ಅಸ್ಕ್ಲೀಪಿಯಸ್ ಇನ್ನೂ ಹೊಟ್ಟೆಯಲ್ಲಿರುವಾಗಲೇ ಅವನ ತಾಯಿ ಸತ್ತಳು. ಚಿತೆಗೆ ಬೆಂಕಿ ಬಿದ್ದ ಮೇಲೆ ಆ ಕೂಸನ್ನು ಉರಿಯಿಂದ ಎತ್ತಿ ತಂದವನು ಹರ್ಮೀಸ್. ಈ ಕೆಲಸ ಅಪೋಲೊನದು ಅನ್ನುವ ಪಾಠವೂ ಇದೆ. ಆದರೆ ಪೌಸೇನಿಯಸ್ ಕೇಳಿದ ಕಥೆಯನ್ನು ಹಿಡಿದರೆ, ನಿಮ್ಮ ಡಾಕ್ಟರ ವೈದ್ಯದೇವರು ಬದುಕಿ ಉಳಿದದ್ದೇ ಈ ಕಳ್ಳದೇವರಿಂದ. ಇದನ್ನು ಅವರಿಗೆ ನನ್ನ ಹೆಸರಿನಲ್ಲಿ ಹೇಳಿ.

ಇನ್ನು ಕುಂಡಲಿನಿ, ಅಂದರೆ ಬೆನ್ನಿನ ಬುಡದಲ್ಲಿ ಹಾವಿನ ಹಾಗೆ ಮಲಗಿದೆ ಅಂತ ಯೋಗದವರು ಹೇಳುವ ಶಕ್ತಿ. ಇದಕ್ಕೆ ಸ್ವಲ್ಪ ಸಮಯ ಕೊಡಬೇಕು, ಯಾಕೆಂದರೆ ಇದರಲ್ಲಿ ನಿಮ್ಮ ದುಡ್ಡೂ ಇದೆ.

ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಕಾಣುತ್ತದೆ ನಿಜ. ನಡುವೆ ಸುಷುಮ್ನಾ ನಾಡಿ, ಅದರ ಅತ್ತಿತ್ತ ಇಡಾ ಪಿಂಗಳಾ. ಆದರೆ ನಮ್ಮ ಹಠಯೋಗದ ಗ್ರಂಥಗಳನ್ನು ತೆರೆದು ನೋಡಿ. ಕುಂಡಲಿನಿ ಒಂದೇ ಹಾವು. ಮೂರೂವರೆ ಸುತ್ತು ಹಾಕಿ ಮಲಗಿರುವಂಥದ್ದು. ಇಡಾ ಪಿಂಗಳಾ ಹಾವುಗಳಲ್ಲ, ನಾಡಿಗಳು. ಸುಮಾರು 15ನೇ ಶತಮಾನದ ಹಠಯೋಗಪ್ರದೀಪಿಕೆ ಅವನ್ನು ಗಂಗೆ ಯಮುನೆ ಅನ್ನುತ್ತದೆ. ಎರಡು ಹಾವು ಹೆಣೆದುಕೊಂಡು ಮೇಲೇರುವ ಚಿತ್ರವನ್ನು ಜನಪ್ರಿಯ ಮಾಡಿದ್ದು 20ನೇ ಶತಮಾನದ ಥಿಯಾಸಫಿ ಪಂಥದ ಬರಹಗಾರರು. ಅವರಲ್ಲಿ ಲೆಡ್‌ಬೀಟರ್ ಮುಖ್ಯ. ಅಂದರೆ ಈ ಹೋಲಿಕೆಗೆ ವಯಸ್ಸು ಸುಮಾರು ನೂರು ವರ್ಷ. ಹಳೇ ಗ್ರೀಕ್ ಕೋಲುಗಳಲ್ಲಿ ಎಷ್ಟೋ ಕಡೆ ಹಾವೇ ಇಲ್ಲ ಅಂದೆನಲ್ಲ? ಹಾವಿಲ್ಲದ ಕೋಲಿನಲ್ಲಿ ಇಡಾ ಪಿಂಗಳಾ ಎಲ್ಲಿಂದ ಬರಬೇಕು?

ಎರಡು ಹಾವಿನ ಕೋಲಿಗೆ ಪೂರ್ವದ ಮೂಲ ಹುಡುಕಲೇಬೇಕು ಅಂದರೆ ಮೆಸೊಪೊಟೇಮಿಯ, ಅಂದರೆ ಈಗಿನ ಇರಾಕ್, ಹತ್ತಿರ. ಲಗಾಶ್ ಎಂಬ ಊರಿನ ದೊರೆ ಗುಡೇಯ ಮಾಡಿಸಿದ ಕಲ್ಲಿನ ಪೂಜಾಪಾತ್ರೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಕ್ರಿ.ಪೂ. 2100ರ ಆಸುಪಾಸಿನದು. ಅದರ ಮೇಲೆ ಕೋಲಿಗೆ ಹೆಣೆದುಕೊಂಡ ಎರಡು ಹಾವು ಅಚ್ಚುಕಟ್ಟಾಗಿವೆ. ಅಲ್ಲಿಂದ ಗ್ರೀಸಿಗೆ ನೇರ ದಾರಿ ಇತ್ತು ಅಂತ ನಾನು ಹೇಳಲಾರೆ. ಕೋರ್ಸಿನವರು ಹೇಳುವ ದಾರಿಗಿಂತ ಅದು ನಂಬುವಂಥದ್ದು, ಅಷ್ಟೇ.

ಭಾರತಕ್ಕೂ ಹರ್ಮೀಸನಿಗೂ ನಂಟೇ ಇಲ್ಲ ಅಂತಲ್ಲ. ಕ್ರಿ.ಪೂ. 2ನೇ ಶತಮಾನದ ಆರಂಭದಲ್ಲಿ ನಮ್ಮ ವಾಯವ್ಯಕ್ಕಿರುವ ಬ್ಯಾಕ್ಟ್ರಿಯಾವನ್ನು ಆಳಿದ ಗ್ರೀಕ್ ದೊರೆ ಡಿಮಿಟ್ರಿಯಸ್‌ನ ತಾಮ್ರದ ನಾಣ್ಯದಲ್ಲಿ ಒಂದು ಕಡೆ ಗಂಟೆ ಕಟ್ಟಿದ ಆನೆಯ ತಲೆ, ಇನ್ನೊಂದು ಕಡೆ ಇದೇ ಕೋಲು. ಅದಕ್ಕಿಂತ ಹತ್ತಿರದ ನಂಟು ನಿಮ್ಮ ಡ್ಯೂಟಿ ಚಾರ್ಟಿನಲ್ಲೇ ಇದೆ. ರೋಮನ್ನರಿಗೆ ಮರ್ಕ್ಯುರಿಯ ದಿನ ಯಾವುದೋ ನಮಗೆ ಅದೇ ಬುಧವಾರ. ಗ್ರಹಗಳ ಹೆಸರಿನ ವಾರದ ಲೆಕ್ಕ ಗ್ರೀಕ್ ರೋಮನ್ ಜ್ಯೋತಿಷದ ಜೊತೆ ಇಲ್ಲಿಗೆ ಬಂತು. ನಮ್ಮಲ್ಲಿ ವಾರದ ಹೆಸರು ಕಾಣುವ ಬಹಳ ಹಳೇ ಶಾಸನಗಳಲ್ಲಿ ಒಂದು ಮಧ್ಯಪ್ರದೇಶದ ಏರಣದ್ದು, 484ನೇ ಇಸವಿಯದು, ಅದರಲ್ಲಿ ಗುರುವಾರ ಇದೆ. ಬುಧನಿಗೂ ಬುದ್ಧಿ, ಮಾತು, ವ್ಯಾಪಾರ ಅಂತ ಜ್ಯೋತಿಷಿಗಳು ಹೇಳುವುದು ಕೇಳಿದ್ದೀರಲ್ಲ? ಇಲ್ಲಿ ಕೊಟ್ಟವರು ಯಾರು, ತಗೊಂಡವರು ಯಾರು ಅನ್ನುವುದು ಕೋರ್ಸಿನವರು ಹೇಳಿದ್ದಕ್ಕೆ ತಿರುಗುಮುರುಗು. ಬರೀ ಸ್ವಭಾವದಲ್ಲಿ ಹರ್ಮೀಸನಿಗೆ ಜೋಡಿ ಹುಡುಕುವುದಾದರೆ ನಾನು ಋಗ್ವೇದದ ಪೂಷನ್ ಕಡೆ ಬೆರಳು ತೋರಿಸುತ್ತೇನೆ. ದಾರಿ ಕಾಯುವವನು, ಕಳೆದ ದನ ಹುಡುಕಿಕೊಡುವವನು, ಸತ್ತವರನ್ನು ದಾಟಿಸುವವನು. ಯಾಕೋ ಅವನ ಹೆಸರಿನಲ್ಲಿ ಯಾರೂ ಕೋರ್ಸ್ ನಡೆಸುತ್ತಿಲ್ಲ.

'ಆ್ಯಕ್ಟಿವೇಶನ್' ಅನ್ನುವುದಕ್ಕೆ ಪ್ರಾಚೀನ ಗ್ರೀಸಿನಲ್ಲಿ ಆಧಾರವಿಲ್ಲ. ಬಹುಶಃ ಅವರು ಹೇಳುತ್ತಿರುವುದು ಇನ್ನೊಬ್ಬ ಹರ್ಮೀಸನ ವಿಷಯ, ಹರ್ಮೀಸ್ ಟ್ರಿಸ್ಮೆಜಿಸ್ಟಸ್. ಈಜಿಪ್ಟಿನಲ್ಲಿ ಥಾತ್ ಎಂಬ ದೇವರ ಜೊತೆ ಬೆರೆತು ಹುಟ್ಟಿದ ಗುರು ಅವನು. ಅವನ ಹೆಸರಿನ ಬರಹಗಳನ್ನು 1463ರಲ್ಲಿ ಫ್ಲಾರೆನ್ಸಿನ ಫಿಚೀನೊ ಲ್ಯಾಟಿನ್ನಿಗೆ ತಂದ. ಬೈಬಲ್ಲಿನ ಮೋಸೆಸ್‌ನಷ್ಟು ಹಳೆಯದು ಅಂತ ಎಲ್ಲರೂ ನಂಬಿದರು. 1614ರಲ್ಲಿ ಕಸಾಬೊನ್ ಎಂಬ ಪಂಡಿತ ಅದರ ಭಾಷೆಯನ್ನು ಪರೀಕ್ಷೆ ಮಾಡಿ, ಇದು ಕ್ರಿಸ್ತಶಕದ್ದು ಅಂತ ತೋರಿಸಿಕೊಟ್ಟ. ಓದುವುದಕ್ಕೆ ಒಳ್ಳೆಯ ಬರಹಗಳೇ. ಆದರೆ ಅವುಗಳ ಅನುವಾದ ಪುಕ್ಕಟೆ ಸಿಗುತ್ತದೆ. ಧ್ಯಾನದಿಂದ ನಿಮಗೆ ನೆಮ್ಮದಿ ಸಿಕ್ಕಿದ್ದರೆ ಅದನ್ನು ಬಿಡಬೇಡಿ. ಮುಂದಿನ ಹಂತದ ಫೀಸು ಮಾತ್ರ ನಿಮ್ಮ ಹತ್ತಿರವೇ ಇರಲಿ.

ಹಳೇ ಗ್ರೀಕರು ಹರ್ಮೀಸನನ್ನು ಹೇಗೆ ಕೇಳುತ್ತಿದ್ದರು ಗೊತ್ತೆ? ಫೇರೇ ಎಂಬ ಊರಿನ ಸಂತೆ ಮೈದಾನದಲ್ಲಿ ಅವನ ಗಡ್ಡದ ಕಂಬವಿತ್ತು. ಸಂಜೆ ಹೋಗಿ, ಧೂಪ ಹಾಕಿ, ದೀಪಕ್ಕೆ ಎಣ್ಣೆ ಬಿಟ್ಟು ಹಚ್ಚಿ, ಒಂದು ತಾಮ್ರದ ಕಾಸು ಇಟ್ಟು, ದೇವರ ಕಿವಿಯಲ್ಲಿ ಪ್ರಶ್ನೆ ಪಿಸುಗುಟ್ಟಬೇಕು. ನಮ್ಮವರು ಬಸವಣ್ಣನ ಕಿವಿಯಲ್ಲಿ ಹೇಳಿಕೊಳ್ಳುವ ಹಾಗೆ. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡು ಸಂತೆ ದಾಟಿ ಹೊರಬರಬೇಕು. ಅಲ್ಲಿ ಕೈ ತೆಗೆದಾಗ ಕಿವಿಗೆ ಬಿದ್ದ ಮೊದಲ ಮಾತೇ ಉತ್ತರ. ಖರ್ಚು ಒಂದು ಕಾಸು.

ಅಮ್ಮನ ಮಾತನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಈ ಮೂವರಲ್ಲಿ ಚಿತ್ರವನ್ನು ಸರಿಯಾಗಿ ನೋಡಿದವರು ಅವರೇ. ಅಶ್ವತ್ಥ ಕಟ್ಟೆಯ ನಾಗರಕಲ್ಲಿನಲ್ಲಿ ಹೆಣೆದುಕೊಂಡ ಎರಡು ಹಾವು ನೋಡಿ ಬೆಳೆದವರಿಗೆ ಇದು ಬೇರೆ ಇನ್ನೇನು ಕಾಣಬೇಕು? ಹಾವು ಹೆಣೆದುಕೊಂಡಿರುವಾಗ ತೊಂದರೆ ಕೊಡಬಾರದು ಅನ್ನುವ ಅಂಜಿಕೆ ಗ್ರೀಕರಿಗೂ ಇತ್ತು. ಟೈರೀಸಿಯಸ್ ಎಂಬವನು ಕೂಡಿದ ಹಾವುಗಳಿಗೆ ಹೊಡೆದು ಗಂಡಸು ಹೋಗಿ ಹೆಂಗಸಾದ ಕಥೆ ಇದೆ. ಅದು ನಡೆದದ್ದು ಕಿಲೀನಿ ಬೆಟ್ಟದಲ್ಲಿ, ಹರ್ಮೀಸ್ ಹುಟ್ಟಿದ ಜಾಗದಲ್ಲೇ! ಹರ್ಮೀಸನ ಕೋಲಿಗೆ ಹಾವು ಬಂದ ಕಥೆ ಇದಕ್ಕೆ ಉಲ್ಟಾ. ಎರಡು ಹಾವು ಕಾದಾಡುತ್ತಿದ್ದವು. ಅವನು ಕೋಲನ್ನು ನಡುವೆ ಇಟ್ಟ. ಅವು ಬಿಡಿಸಿಕೊಂಡವು. ಅದಕ್ಕೇ ಆ ಕೋಲು ಸಂಧಿಯ ಗುರುತಾಯಿತು. ನಮ್ಮ ಹೊಲಗಳಲ್ಲಿ ಎರಡು ಕೇರೆಹಾವು ಎದ್ದು ನಿಂತು ಹೆಣೆದುಕೊಂಡಾಗ ಜನ ಕೂಡಿಕೆ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅವೆರಡೂ ಗಂಡು, ಮಾಡುತ್ತಿರುವುದು ಕುಸ್ತಿ. ಆ ಕಥೆ ಕಟ್ಟಿದವರು ಹಾವನ್ನು ಸರಿಯಾಗೇ ನೋಡಿದ್ದರು ಅನ್ನಿಸುತ್ತದೆ.

ದೋಷ ಇದೆಯೋ ಇಲ್ಲವೋ ಅನ್ನುವುದಕ್ಕೆ ನಾನು ಪುರೋಹಿತಳಲ್ಲ. ಗ್ರೀಕ್ ಕಡೆಯಿಂದ ನೀವು ನಿಶ್ಚಿಂತೆಯಾಗಿರಿ, ಈ ಕೋಲಿನ ಚಿತ್ರ ಹಾಕಿಸಿಕೊಂಡವರಿಗೆ ಶಾಪ ಅಂತ ಎಲ್ಲೂ ಓದಿಲ್ಲ. ಆದರೆ ಅಮ್ಮ ದಿನಾ ನೋಡುವ ಕೈ ಅದು. ಅವರು ಪ್ರತಿ ಸಲ ಮುಖ ತಿರುಗಿಸಿದರೆ ಆ ಕಿರಿಕಿರಿ ನನ್ನ ಯಾವ ಕಥೆಯಿಂದಲೂ ಹೋಗುವುದಿಲ್ಲ.

ಹಾಗಾದರೆ ಏನು ಮಾಡುವುದು? ವೃತ್ತಿಯ ಗುರುತೇ ಬೇಕಿದ್ದರೆ ಒಂದು ಹಾವಿನ ಕೋಲು ಹಾಕಿಸಿ. ಯಾವ ಡಾಕ್ಟರೂ ನಗುವುದಿಲ್ಲ. ಅಮ್ಮನ ತಕರಾರು ಅರ್ಧ ಉಳಿಯುತ್ತದೆ, ಹಾವು ಹಾವೇ ಅಲ್ವಾ. ಎರಡು ಹಾವಿನದೇ ಬೇಕು ಅಂದರೂ ತಪ್ಪಿಲ್ಲ, ಆದರೆ ಅದು ವೈದ್ಯಕೀಯದ ಗುರುತು ಅಂತ ಹೇಳಬೇಡಿ. ದಾಟಿಸುವವನ ಕೋಲು ಅನ್ನಿ. ವಾರ್ಡಿನಲ್ಲಿ ಹತ್ತು ಸಲ ವಿವರಿಸುವ ತಾಳ್ಮೆ ಬೇಕು. ನನ್ನನ್ನು ಕೇಳಿದರೆ ಮೂರನೆಯದು ಒಳ್ಳೆಯದು, ಹೂಜಿಗಳ ಮೇಲಿನ ಹಳೇ ಕೋಲು. ಹಾವಿಲ್ಲ, ರೆಕ್ಕೆಯೂ ಇಲ್ಲ, ತುದಿಯಲ್ಲಿ ಬಾಯಿ ತೆರೆದ 8 ಮಾತ್ರ. ಸಣ್ಣದಾಗಿ ಬರುತ್ತದೆ, ಚರ್ಮದ ಮೇಲೆ ವರ್ಷಗಳು ಕಳೆದ ಹಾಗೆ ಗೆರೆ ಹರಡಿದರೂ ಕೆಡುವುದಿಲ್ಲ. ಎರಡು ಹಾವಿನ ಹುರುಪೆ ಹುರುಪೆಯ ಡಿಸೈನ್ ಹತ್ತು ವರ್ಷಕ್ಕೆ ಹಗ್ಗದ ಗಂಟಿನ ಹಾಗೆ ಕಾಣುತ್ತದೆ. ಕೆಂಪು ಶಿಲುಬೆಯ ಕಡೆ ಮಾತ್ರ ಹೋಗಬೇಡಿ. ಅದು ರೆಡ್‌ಕ್ರಾಸ್‌ನದು, ನಮ್ಮಲ್ಲಿ 1960ರ ಕಾನೂನೇ ಇದೆ.

ಸೂಜಿ, ಸೋಂಕು, ರಕ್ತದಾನ ಮಾಡುವ ಮುಂಚೆ ಕಾಯಬೇಕಾದ ಅವಧಿ, ಇದೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ಮಿಲಿಟರಿ ನರ್ಸಿಂಗ್‌ಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಮಾತ್ರ ಮೊದಲು ಅವರ ಟ್ಯಾಟೂ ನಿಯಮ ಓದಿಕೊಳ್ಳಿ, ಮುಂಗೈ ಬಟ್ಟೆಯಡಿ ಅಡಗುವ ಜಾಗವಲ್ಲ.

ಯಾವುದನ್ನೇ ಆರಿಸಿ, ಮೊದಲು ಒಂದು ತಿಂಗಳು ಪೆನ್ನಿನಲ್ಲಿ ಬರೆದುಕೊಂಡು ಓಡಾಡಿ. ಹ್ಯಾಂಡ್‌ರಬ್ ಹಾಕಿದಾಗೆಲ್ಲ ಅಳಿಸಿಹೋಗುತ್ತದೆ, ಮತ್ತೆ ಬರೆಯಬೇಕು. ಎಷ್ಟು ಸಲ ಬೇಜಾರಿಲ್ಲದೆ ಬರೆಯುತ್ತೀರಿ ನೋಡಿ. ಸೂಜಿ ತಾಗಿಸುವ ಹಿಂದಿನ ದಿನ ಕಲಾವಿದನ ಅಂತಿಮ ಡಿಸೈನ್ ನನಗೂ ಒಂದು ಕಳಿಸಿ. ಹಾವು ಎಷ್ಟು, ರೆಕ್ಕೆ ಎಷ್ಟು ಅಂತ ಈ ಸಲ ಎಣಿಸಿಯೇ ಒಪ್ಪಿಗೆ ಕೊಡುತ್ತೇನೆ.